ತಲೆನೋವಿಗೆ ಮುಂಚೆ ಕಣ್ಣಿಗೆ ಏನಾದರೂ ಕಾಣುತ್ತಾ?

ಮೈಗ್ರೇನ್ ಇದೆ ಅಂದವರನ್ನು ನಾನು ಮೊದಲು ಕೇಳುವುದು ಇದನ್ನೇ. ಹೊಳೆಯುವ ಅಂಕುಡೊಂಕು ಗೆರೆ, ಓದುತ್ತಿದ್ದ ಸಾಲಿನಲ್ಲಿ ಅರ್ಧ ಪದ ಮಾಯ, ಬೆರಳಿನಿಂದ ಮೇಲಕ್ಕೆ ಹತ್ತಿ ತುಟಿಯವರೆಗೂ ಬರುವ ಜೋಮು. ಇದಕ್ಕೆ ಔರಾ ಅನ್ನುತ್ತಾರೆ. ಮೈಗ್ರೇನ್ ಇರುವ ಮೂರು-ನಾಲ್ಕು ಜನರಲ್ಲಿ ಒಬ್ಬರಿಗೆ ಇದು ಬರುತ್ತದೆ, ಆದರೆ ನಿದ್ದೆ ಕಡಿಮೆ ಆಗಿರಬೇಕು, ಕಣ್ಣಿನ ಪವರ್ ಜಾಸ್ತಿ ಆಗಿರಬೇಕು ಅಂದುಕೊಂಡು ತುಂಬಾ ಜನ ಡಾಕ್ಟರ ಹತ್ತಿರ ಹೇಳುವುದೇ ಇಲ್ಲ.

ಹೇಳಲೇಬೇಕು. ಮಿದುಳಿನ ರಕ್ತನಾಳ ಕಟ್ಟಿಕೊಂಡು ಲಕ್ವ ಹೊಡೆಯುವ ಅಪಾಯ ಔರಾ ಇರುವವರಲ್ಲಿ ಸುಮಾರು ಎರಡು ಪಟ್ಟು. ಬರೀ ತಲೆನೋವು ಮಾತ್ರ ಇರುವವರಲ್ಲಿ ಈ ನಂಟು ಅಷ್ಟು ಗಟ್ಟಿಯಾಗಿ ಕಂಡಿಲ್ಲ. ಎರಡು ಪಟ್ಟು ಅಂದ ಕೂಡಲೇ ಗಾಬರಿ ಬೇಡ, ಚಿಕ್ಕ ವಯಸ್ಸಿನಲ್ಲಿ ಲಕ್ವ ಹೊಡೆಯುವುದೇ ಅಪರೂಪ. ಆದರೆ ಇದರ ಮೇಲೆ ಸಿಗರೇಟು, ಬಿಪಿ, ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಇರುವ ಮಾತ್ರೆ ಸೇರಿದರೆ ಲೆಕ್ಕವೇ ಬೇರೆ.

ಆ ಮಾತ್ರೆಯ ಬಗ್ಗೆ ನನಗೆ ತುಂಬಾ ಕಳವಳ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ಸಂಶೋಧಕರು ನಡೆಸಿದ ಸಮೀಕ್ಷೆಯಲ್ಲಿ ಸುಮಾರು ಮೂರರಲ್ಲಿ ಒಬ್ಬ ಹೆಂಗಸಿಗೆ ಮೈಗ್ರೇನ್ ಕಂಡುಬಂತು. ಗರ್ಭ ತಡೆಯುವ ಮಾತ್ರೆಗಳಲ್ಲಿ ಹಲವು ಈಸ್ಟ್ರೋಜನ್ ಇರುವಂಥವು, ಪಿಸಿಓಡಿ ಅನ್ನುವ ಅಂಡಾಶಯದ ತೊಂದರೆ ಇರುವ ಹುಡುಗಿಯರಿಗೆ ಮುಟ್ಟು ಸರಿಯಾಗಲಿ ಅಂತ ಕೊಡುವುದೂ ಇವನ್ನೇ. ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ. ಔರಾ ಇರುವವರಿಗೆ, ವಯಸ್ಸು ಎಷ್ಟೇ ಇರಲಿ, ಈ ಮಾತ್ರೆ ಬೇಡ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈಸ್ಟ್ರೋಜನ್ ಇಲ್ಲದ ಮಾತ್ರೆಗಳಿವೆ, ಕಾಪರ್-ಟಿ ಇದೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಈ ವಾರವೇ ಡಾಕ್ಟರ ಹತ್ತಿರ ಮಾತಾಡಿ.

ಇನ್ನು, ಕಣ್ಣೆದುರು ಏನೋ ಆದಾಗ ಅದು ಔರಾನಾ, ಲಕ್ವಾನಾ ಅಂತ ತಿಳಿಯುವುದು ಹೇಗೆ? 1944ರಲ್ಲಿ ಬ್ರೆಜಿಲ್‌ನ ಅರಿಸ್ಟೀಡೆಸ್ ಲೆಯಾವೊ ಮೊಲದ ಮಿದುಳಿನಲ್ಲಿ ಒಂದು ವಿಚಿತ್ರ ಕಂಡರು. ಮಿದುಳಿನ ಹೊರಪದರದ ಚಟುವಟಿಕೆ ಒಂದು ಕಡೆ ಸ್ತಬ್ಧವಾಗಿ, ಆ ಸ್ತಬ್ಧತೆ ನಿಮಿಷಕ್ಕೆ ಮೂರು ಮಿಲಿಮೀಟರಿನಷ್ಟು ನಿಧಾನವಾಗಿ ಅಲೆಯ ಹಾಗೆ ಹರಡುತ್ತಿತ್ತು. ಔರಾದ ಹಿಂದೆಯೂ ಇದೇ ಅಲೆ ಇದೆ, ಅದಕ್ಕೇ ಗೆರೆಗಳು ಮೆಲ್ಲಗೆ ದೊಡ್ಡದಾಗುತ್ತಾ ತೆವಳುತ್ತವೆ. ಲಕ್ವ ಹಾಗಲ್ಲ, ಹೆಚ್ಚಾಗಿ ಒಂದೇ ಏಟಿಗೆ ಬರುತ್ತದೆ: ಬಾಯಿ ಸೊಟ್ಟ, ಕೈಯಲ್ಲಿ ಬಲವಿಲ್ಲ, ಮಾತು ತೊದಲು. ಹಾಗಾದರೆ ಮಲಗಿ ನೋಡೋಣ ಅನ್ನಬೇಡಿ, 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಕೊಡುವುದು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ. ಜೀವನದಲ್ಲಿ ಮೊದಲ ಸಲ ಔರಾ ಬಂದಿದ್ದರೂ, ಬಂದ ಔರಾ ಒಂದು ಗಂಟೆ ದಾಟಿದರೂ ಆಸ್ಪತ್ರೆಗೆ ಹೋಗಲೇಬೇಕು.