ಗ್ಯಾಸ್ ತುಂಬಿಸಿದರೂ ಬಿಸಿಗಾಳಿ: ಹಳೆಯ ಮರ್ಸಿಡಿಸ್ ಎಸಿಯ ಗೋಜಲು ಬೆಳೆದ ಬಗೆ

ಬೇಸಿಗೆ ಬಂದರೆ ಬಳ್ಳಾರಿಯ ಎಸಿ ಗ್ಯಾರೇಜುಗಳಲ್ಲಿ ಹಳೆಯ ಮರ್ಸಿಡಿಸ್ ಮಾದರಿಯಾದ ಡಬ್ಲ್ಯು124ರ ಮಾಲೀಕರ ದೂರು ಒಂದೇ: ಮೊನ್ನೆಯಷ್ಟೇ ಗ್ಯಾಸ್ ಹಾಕಿಸಿದ್ದು, ಆಗಲೇ ಬಿಸಿಗಾಳಿ. ಮತ್ತೆ ಗ್ಯಾಸ್ ಹಾಕಿಸುತ್ತಾರೆ, ದೂರು ಹಾಗೇ ಉಳಿಯುತ್ತದೆ.

ಕಾರಿಗೆ ಎಸಿ ಬಂದದ್ದು 1939ರಲ್ಲಿ, ಪ್ಯಾಕಾರ್ಡ್‌ನಿಂದ. ಉಷ್ಣತೆಯನ್ನು ತಾನೇ ಕಾಯುವ ವ್ಯವಸ್ಥೆ ಬಂದದ್ದು 1964ರಲ್ಲಿ, ಕ್ಯಾಡಿಲಾಕ್‌ನಿಂದ. ಎಪ್ಪತ್ತರ ದಶಕದ ಮರ್ಸಿಡಿಸ್‌ಗಳಲ್ಲಿ ಇಂಜಿನ್ನಿನ ಬಿಸಿ ಕೂಲಂಟ್ (ಇಂಜಿನ್ ತಣಿಸುವ ದ್ರವ) ಹರಿಯುವ ಪ್ಲಾಸ್ಟಿಕ್ ಸರ್ವೊ, ಅಂದರೆ ಬಿಸಿ-ತಂಪು ನಿಯಂತ್ರಿಸುವ ಭಾಗ ಇತ್ತು, ಅದು ಬಿರುಕು ಬಿಡುತ್ತಿತ್ತು. ಎಂಬತ್ತರ ದಶಕದಲ್ಲಿ ಅದರ ಜಾಗಕ್ಕೆ ಗುಂಡಿಗಳ ಎಲೆಕ್ಟ್ರಾನಿಕ್ ಯೂನಿಟ್ ಬಂತು. ಓಝೋನ್ ಪದರ ಉಳಿಸುವ 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಆರ್12 ಗ್ಯಾಸ್ ಹಂತಹಂತವಾಗಿ ಮರೆಯಾಗಿ ಆರ್134ಎ ಬಳಕೆಗೆ ಬಂತು. ಆ ವರ್ಷಗಳಲ್ಲಿ ಚರ್ಚೆಯೆಲ್ಲ ಗ್ಯಾಸಿನದೇ. ನಿಯಂತ್ರಣದ ಭಾಗವನ್ನು ಪರೀಕ್ಷಿಸುವ ರೂಢಿ ಹಿಂದೆ ಸರಿಯಿತು. ನಷ್ಟವಾದದ್ದು ಅಲ್ಲೇ.

ಒತ್ತಡ ನೋಡಿ ಗ್ಯಾಸಿನ ಪ್ರಮಾಣ ಹೇಳಲಾಗದು. ಇಂಜಿನ್ ನಿಂತಿದ್ದು, ಎಲ್ಲ ಭಾಗಗಳೂ 40 ಡಿಗ್ರಿಯಲ್ಲಿದ್ದರೆ ಆರ್134ಎ ಗೇಜು ಸುಮಾರು 130 ಪಿಎಸ್‌ಐ ತೋರಿಸುತ್ತದೆ. ಗ್ಯಾಸ್ ಅರ್ಧವಿದ್ದರೂ ಅಷ್ಟೇ, ಏಕೆಂದರೆ ಒಳಗೆ ದ್ರವ ಉಳಿದಿರುವವರೆಗೆ ಒತ್ತಡವು ಉಷ್ಣತೆಯನ್ನೇ ಅನುಸರಿಸುತ್ತದೆ. ಪೂರ್ತಿ ತೆಗೆದು, ವ್ಯಾಕ್ಯೂಮ್ ಮಾಡಿ, ತೂಕ ಹಾಕಿ ತುಂಬಬೇಕು. ಆರ್12ನಿಂದ ಬದಲಿಸಿದ ಕಾರಿಗೆ ಹಳೆಯ ತೂಕದ ಶೇ. 80ರಿಂದ 90ರಷ್ಟು ಸಾಕು. ಜೊತೆಗೆ ಆ ಗ್ಯಾಸಿಗೆ ಹೊಂದುವ ಆಯಿಲ್, ತೇವ ಹೀರುವ ಹೊಸ ಡ್ರೈಯರ್ ಬೇಕು.

ಆದರೆ ಅದಕ್ಕೂ ಮೊದಲು ಹೀಟರ್ ನೋಡಬೇಕು. ಡಬ್ಲ್ಯು124ರ ಹೀಟರಿಗೆ ಹರಿಯುವ ಕೂಲಂಟನ್ನು ನಿಯಂತ್ರಿಸುವ ಮೊನೊವಾಲ್ವ್ ಕರೆಂಟ್ ಬಂದರೆ ಮುಚ್ಚುತ್ತದೆ, ಇಲ್ಲದಿದ್ದರೆ ತೆರೆದುಕೊಳ್ಳುತ್ತದೆ. ಚಳಿ ದೇಶಕ್ಕೆ ಅದು ಸರಿ. ಬಳ್ಳಾರಿಯ ಮೇ ತಿಂಗಳಲ್ಲಿ ಮಾತ್ರ ವಾಲ್ವ್ ತೆರೆದೇ ಉಳಿದರೆ ಎಸಿ ತಣ್ಣಗೆ ಮಾಡಿದ ಗಾಳಿಯನ್ನು ಕಾದ ಕೂಲಂಟ್ ಮತ್ತೆ ಬಿಸಿ ಮಾಡುತ್ತದೆ. ಇಂಜಿನ್ ಕಾದ ಮೇಲೆ ಉಷ್ಣತೆಯ ಚಕ್ರವನ್ನು ಕನಿಷ್ಠಕ್ಕಿಟ್ಟು ಹೀಟರಿನ ಎರಡೂ ಹೋಸ್‌ಗಳನ್ನು ಎಚ್ಚರದಿಂದ ಮುಟ್ಟಿನೋಡಿ. ಎರಡೂ ಸುಡುತ್ತಿದ್ದರೆ ವಾಲ್ವ್ ಮುಚ್ಚಿಲ್ಲ. ಅದರ ಕನೆಕ್ಟರಿನಲ್ಲಿ 12 ವೋಲ್ಟ್ ಇದ್ದರೆ ಒಳಗಿನ ರಬ್ಬರ್ ಡಯಾಫ್ರಾಮ್ ಹರಿದಿರಬಹುದು. ವೋಲ್ಟೇಜ್ ಇಲ್ಲದಿದ್ದರೆ ಗುಂಡಿಗಳ ಯೂನಿಟ್ಟನ್ನು ಅನುಮಾನಿಸಿ.

ಮುಂದಿನದು ಕ್ಯಾಬಿನ್ ಸೆನ್ಸರ್. 25 ಡಿಗ್ರಿಯಲ್ಲಿ ಅದರ ರೆಸಿಸ್ಟೆನ್ಸ್ ಸುಮಾರು 10 ಕಿಲೊಓಮ್, ಬಿಸಿಯೇರಿದಂತೆ ಇಳಿಯುತ್ತದೆ. ತಂತಿ ಸಡಿಲಾದರೆ ಯೂನಿಟ್ ಕಾರಿನಲ್ಲಿ ವಿಪರೀತ ಚಳಿಯಿದೆ ಎಂದುಕೊಂಡು ಹೀಟರ್ ಹಾಕುತ್ತದೆ. ಛಾವಣಿಯ ಲೈಟಿನ ಬಳಿ ಇರುವ ಈ ಸೆನ್ಸರಿನ ಮೇಲಿಂದ ಗಾಳಿ ಎಳೆಯಲು ಪುಟ್ಟ ಮೋಟರ್ ಇದೆ. ಜಾಲರಿಯ ಮೇಲೆ ಟಿಶ್ಯೂ ತುಂಡಿಟ್ಟರೆ ಅಂಟಿಕೊಳ್ಳಬೇಕು. ಅದಿರು ಲಾರಿಗಳ ಕೆಂಪು ಧೂಳಿನಲ್ಲಿ ಓಡಿದ ಕಾರಿನಲ್ಲಿ ಆ ಗಾಳಿ ಎಳೆಯುವ ಪೈಪು ಕಟ್ಟಿಕೊಂಡಿದೆಯೇ ಎಂದೂ ನೋಡಿ. ಗ್ಯಾಸಿನ ಬಿಸಿಯನ್ನು ಹೊರಹಾಕುವ ಕಂಡೆನ್ಸರನ್ನೂ ತೊಳೆಸಿ. ಅದಕ್ಕೆ ಗಾಳಿ ತಾಕದಿದ್ದರೆ ಹೈ ಸೈಡ್ (ಕಂಪ್ರೆಸರ್ ದಾಟಿದ ಭಾಗದ) ಒತ್ತಡ ಏರಿ ಗ್ಯಾಸ್ ಜಾಸ್ತಿಯಾದಂತೆಯೇ ಕಾಣುತ್ತದೆ.

ಗುಂಡಿಗಳ ಯೂನಿಟ್ ಬದಲಿಸುವ ಮುನ್ನ ಹೀಟರಿನ ಸಹಾಯಕ ವಾಟರ್ ಪಂಪನ್ನು ಕಳಚಿ, ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ಓಡಿಸಿ ನೋಡಿ. ಬಿಗಿದುಕೊಂಡ ಪಂಪು ಹೆಚ್ಚು ಕರೆಂಟ್ ಎಳೆದು ಯೂನಿಟ್ಟನ್ನೇ ಸುಡುತ್ತದೆ. ಪಂಪು ಹಾಗೇ ಉಳಿದರೆ ಹೊಸ ಯೂನಿಟ್ ಸಹ ಅದೇ ರೀತಿ ಸುಟ್ಟುಹೋಗುತ್ತದೆ.