ಡೂಲಾ ಅಂದರೆ ಯಾರು?

ಡೂಲಾ ಅಂದ ತಕ್ಷಣ ನಮ್ಮ ಕಡೆ ಕೇಳುವ ಮೊದಲ ಪ್ರಶ್ನೆ, 'ಅಂದ್ರೆ ಸೂಲಗಿತ್ತಿ ತಾನೇ?' ಅಂತ. ಅಲ್ಲ. ಸೂಲಗಿತ್ತಿ ಹೆರಿಗೆ ಮಾಡಿಸುತ್ತಾಳೆ. 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿದವರು. ಡೂಲಾ ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಮಗುವಿನ ಎದೆಬಡಿತ ನೋಡುವುದು, ಒಳಪರೀಕ್ಷೆ, ಇಂಜೆಕ್ಷನ್ ಎಲ್ಲ ಡಾಕ್ಟರು, ನರ್ಸುಗಳದ್ದು. ಡೂಲಾ ನೋಡಿಕೊಳ್ಳುವುದು ನೋವು ತಿನ್ನುತ್ತಿರುವ ಹೆಂಗಸನ್ನು ಮಾತ್ರ.

ಪದ ಗ್ರೀಕ್ ಭಾಷೆಯದು. ಹಳೆಯ ಅರ್ಥ ದಾಸಿ, ಸೇವಕಿ. ಕನ್ನಡದಲ್ಲಿ ಕೆಲವರು ಡೌಲಾ ಅಂತಲೂ ಬರೆಯುತ್ತಾರೆ, ಆದರೆ ಉಚ್ಚಾರ ಡೂಲಾ. ಅಮೆರಿಕದ ಮಾನವಶಾಸ್ತ್ರಜ್ಞೆ ಡಾನಾ ರಾಫೆಲ್ 1973ರಲ್ಲಿ ಈ ಪದವನ್ನು ಬಳಕೆಗೆ ತಂದರು. ಎದೆಹಾಲು ಕುಡಿಸಲು, ಮನೆ ಸಂಭಾಳಿಸಲು ಹೊಸ ತಾಯಿಗೆ ಆಸರೆಯಾಗುವ ಹೆಂಗಸನ್ನು ಅವರು ಹಾಗೆ ಕರೆದರು. ಅಂದರೆ ನಮ್ಮ ಬಾಣಂತನ ಮಾಡುವವಳು, ಅಲ್ವಾ? ಪದ ಹೆರಿಗೆ ಕೋಣೆಯ ಒಳಗೆ ಹೋದದ್ದು ಆಮೇಲೆ. ಈಗಲೂ ಎರಡು ಬಗೆಯವರಿದ್ದಾರೆ: ಹೆರಿಗೆ ಡೂಲಾ, ಬಾಣಂತನದ ಡೂಲಾ.

ಹೆರಿಗೆ ಡೂಲಾ ನಿಜವಾಗಿ ಏನು ಮಾಡುತ್ತಾಳೆ? ಜಾಸ್ತಿ ಹೊತ್ತು ಅವಳ ಅಂಗೈಗೇ ಕೆಲಸ. ಕೆಲವರಿಗೆ ನೋವೆಲ್ಲ ಸೊಂಟದಲ್ಲೇ ಬರುತ್ತದೆ. ಆಗ ಸೊಂಟದ ಕೆಳಗಿನ ಮೂಳೆಯ ಮೇಲೆ ಅಂಗೈ ಇಟ್ಟು, ಮೈಭಾರ ಹಾಕಿ ಒತ್ತಿ ಹಿಡಿಯುತ್ತಾಳೆ. ನೋವಿನ ಅಲೆ ಇಳಿಯುವ ತನಕ ಬಿಡುವುದಿಲ್ಲ. ಇಳಿದ ಮೇಲೆ ಒಂದು ಗುಟುಕು ನೀರು ಕುಡಿಸಿ, ಬೆವರು ಒರೆಸುತ್ತಾಳೆ. ಮತ್ತೆ ನೋವು ಬಂತು, ಮತ್ತೆ ಒತ್ತು. ಹೀಗೆ ಗಂಟೆಗಟ್ಟಲೆ. ನಡುವೆ ಎಬ್ಬಿಸಿ ನಡೆಸುತ್ತಾಳೆ, ದೊಡ್ಡ ಚೆಂಡಿನ ಮೇಲೆ ಕೂರಿಸುತ್ತಾಳೆ, ಉಸಿರು ನಿಧಾನ ಮಾಡಿಸುತ್ತಾಳೆ. 'ಓಪನಿಂಗ್ ನಾಲ್ಕು ಸೆಂಟಿಮೀಟರ್' ಅಂತ ಹೇಳಿ ಡಾಕ್ಟರು ಹೋದರೆ, ಗರ್ಭಕೋಶದ ಬಾಯಿ ಅಷ್ಟು ತೆರೆದಿದೆ ಅಂತ ಅದರ ಅರ್ಥ ಬಿಡಿಸಿ ಹೇಳುತ್ತಾಳೆ. ಗಾಬರಿಯಾಗಿ ನಿಂತ ಗಂಡನಿಗೆ ಕೈ ಎಲ್ಲಿಡಬೇಕು ಅಂತ ತೋರಿಸುತ್ತಾಳೆ. ನರ್ಸಿಗೆ ಹತ್ತು ಹಾಸಿಗೆ ನೋಡಬೇಕು, ಶಿಫ್ಟ್ ಮುಗಿದರೆ ಮನೆಗೆ ಹೋಗಬೇಕು. ಡೂಲಾಗೆ ಇರುವುದು ಒಬ್ಬಳೇ ಬಸುರಿ.

ಸುಮ್ನೆ ಪಕ್ಕದಲ್ಲಿ ಕೂತರೆ ಏನು ಬಂತು ಅನ್ನಿಸಬಹುದು. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಒಂದು ಆಸ್ಪತ್ರೆಯಲ್ಲಿ ಇದನ್ನು ಪರೀಕ್ಷಿಸಿ 1980ರಲ್ಲಿ ವರದಿ ಮಾಡಿದರು. ಚೊಚ್ಚಲ ಹೆರಿಗೆಗೆ ಬಂದ ಕೆಲವರ ಪಕ್ಕ, ಅವರಿಗೆ ಗುರುತೇ ಇಲ್ಲದ ಹೆಂಗಸನ್ನು ಕೂರಿಸಿದರು. ತೊಡಕಿಲ್ಲದೆ ಹೆತ್ತವರನ್ನು ಹೋಲಿಸಿದಾಗ, ಜೊತೆ ಇದ್ದವರಿಗೆ ಆಸ್ಪತ್ರೆ ಸೇರಿದ ಮೇಲೆ ಸರಾಸರಿ 8.8 ಗಂಟೆ ಹಿಡಿದಿತ್ತು. ಒಂಟಿಯಾಗಿದ್ದವರಿಗೆ 19.3 ಗಂಟೆ. ಹೋಲಿಸಿದ್ದು 40 ಜನರನ್ನು ಮಾತ್ರ. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ಪರಿಶೀಲನೆ ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರ ಲೆಕ್ಕ ನೋಡಿತು. ಅದರಲ್ಲಿ ಜೊತೆ ಇದ್ದವರಿಗೆ ಉಳಿತಾಯವಾದ ಸಮಯ ಸುಮಾರು 40 ನಿಮಿಷ ಅಷ್ಟೆ. ಆದರೆ ಸಿಸೇರಿಯನ್ ಕಡಿಮೆಯಾಗಿತ್ತು, ಹೆರಿಗೆಯ ಬಗ್ಗೆ ಕಹಿ ಉಳಿದವರೂ ಕಡಿಮೆ ಇದ್ದರು. ನನಗೆ ಈ ಕೊನೆಯದೇ ದೊಡ್ಡದು. ಹೆರಿಗೆಯ ದಿನ ಯಾರು ಗದರಿದರು, ಯಾರು ಕೈ ಹಿಡಿದರು ಅನ್ನೋದನ್ನ ಹೆಂಗಸರು ಮುದುಕಿಯಾದ ಮೇಲೂ ಹೇಳ್ತಾರೆ.

ಹಾಗಂತ 'ನಾರ್ಮಲ್ ಡೆಲಿವರಿ ಗ್ಯಾರಂಟಿ' ಅನ್ನುವ ಡೂಲಾ ಬೇಡ. ಆ ಮಾತು ಯಾರೂ ಕೊಡಲಾರರು. ಡಾಕ್ಟರ ಮೇಲೆ ಅಪನಂಬಿಕೆ ತುಂಬುವವಳೂ ಬೇಡ. ಡೂಲಾಗಳಿಗೆ ನರ್ಸುಗಳ ಹಾಗೆ ನಮ್ಮಲ್ಲಿ ಸರ್ಕಾರಿ ನೋಂದಣಿ ಇಲ್ಲ. ತರಬೇತಿ ಸಂಸ್ಥೆಗಳ ಸರ್ಟಿಫಿಕೇಟ್ ಇರುತ್ತದೆ ಅಷ್ಟೆ. ಅದಕ್ಕೇ ನೀವೇ ವಿಚಾರಿಸಬೇಕು. ಎಷ್ಟು ಹೆರಿಗೆಗೆ ಜೊತೆಗಿದ್ದಾಳೆ? ಅದೇ ರಾತ್ರಿ ಇನ್ನೊಬ್ಬರಿಗೂ ನೋವು ಬಂದರೆ ಯಾರನ್ನು ಕಳಿಸುತ್ತಾಳೆ? ಆ ಬದಲಿ ಡೂಲಾಳ ಮುಖವನ್ನೂ ಮೊದಲೇ ನೋಡಿರಬೇಕು. 'ನಾನು ಎಪಿಡ್ಯೂರಲ್ (ನೋವು ತಗ್ಗಿಸಲು ಬೆನ್ನಿಗೆ ಕೊಡುವ ಇಂಜೆಕ್ಷನ್) ತಗೊಂಡ್ರೆ?' ಅಂತ ಕೇಳಿ, ಅವಳ ಮುಖ ಗಮನಿಸಿ. ನಿಮ್ಮ ಆಯ್ಕೆ ಅವಳಿಗೆ ಇರುಸುಮುರುಸು ಅನ್ನಿಸಿದರೆ, ನೋವಿನ ನಡುವೆ ಅವಳನ್ನೂ ನೀವೇ ಸಮಾಧಾನ ಮಾಡಬೇಕಾಗುತ್ತದೆ. ನೋವು ಹೆಚ್ಚಾದಾಗ ಬಾಯಿಗೆ ಬರುವುದು ಮನೆಮಾತು. ಅವಳಿಗೆ ಅದು ಅರ್ಥವಾಗಬೇಕು. ಫೀಸು ಎಷ್ಟು, ಹೆರಿಗೆ ಆದಮೇಲೆ ಎಷ್ಟು ಸಲ ಮನೆಗೆ ಬರುತ್ತಾಳೆ, ಎಲ್ಲ ಬರೆದಿಟ್ಟುಕೊಳ್ಳಿ.

ಇದೆಲ್ಲಕ್ಕಿಂತ ಮೊದಲು ಆಸ್ಪತ್ರೆಯಲ್ಲಿ ಕೇಳಿ. ಹೆರಿಗೆ ಕೋಣೆಗೆ ಎಷ್ಟು ಜನರನ್ನು ಬಿಡುತ್ತಾರೆ? ಒಬ್ಬರನ್ನೇ ಅಂದರೆ ಗಂಡನೋ ಡೂಲಾನೋ? ಸಿಸೇರಿಯನ್ ಆದರೆ ಅವಳು ಒಳಗೆ ಬರಬಹುದೇ?

ಡೂಲಾ ಇಟ್ಟುಕೊಳ್ಳುವಷ್ಟು ದುಡ್ಡು ಎಲ್ಲರ ಹತ್ತಿರ ಇರುವುದಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗುವವರು ಒಂದು ವಿಷಯ ತಿಳಿದಿರಲಿ. ಹೆರಿಗೆ ಹೊತ್ತಲ್ಲಿ ಜೊತೆಗೊಬ್ಬರು ಇರಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಸಂಬಂಧಿ ಹೆಂಗಸಾಗಿರಬೇಕು, ಹೆತ್ತ ಅನುಭವ ಇದ್ದವರಾದರೆ ಒಳ್ಳೆಯದು ಅನ್ನುತ್ತದೆ ಅದು. ಅಮ್ಮನೋ ಅಕ್ಕನೋ ಚಿಕ್ಕಮ್ಮನೋ, ಗಾಬರಿ ಬೀಳದ ಒಬ್ಬರನ್ನು ಏಳನೇ ತಿಂಗಳಲ್ಲೇ ಗೊತ್ತು ಮಾಡಿಕೊಳ್ಳಿ. ಸೊಂಟವನ್ನು ಎಲ್ಲಿ, ಎಷ್ಟು ಒತ್ತಿದರೆ ಹಿತ ಅಂತ ಅವರ ಕೈಲಿ ಒಂದೆರಡು ಸಲ ಒತ್ತಿಸಿಕೊಂಡು ನೋಡಿ.