ಬೇಲಿ ಕಂಬ ವಾಲಿದರೆ ಮೊದಲು ಬುಡ ಅಗೆದು ನೋಡಿ

ಪ್ರಶ್ನೆ: ಮನೆ ಸುತ್ತ ಆಳೆತ್ತರದ ಮರದ ಬೇಲಿ ಹಾಕಿಸಿದ್ದೆವು. ಮೂರೇ ವರ್ಷಕ್ಕೆ ಕಂಬಗಳು ವಾಲಿವೆ, ಗೇಟು ನೆಲಕ್ಕೆ ಉಜ್ಜುತ್ತಿದೆ. ಹೊಸದಾಗಿ ಹಾಕಿಸಬೇಕು. ಈ ಸಲ ಮರ ಬಿಟ್ಟು ತಂತಿ ಬಲೆ ಹಾಕಿಸೋದು ಒಳ್ಳೆಯದಾ?

ಉತ್ತರ: ಮರವೋ ತಂತಿಯೋ ಅನ್ನೋದು ಆಮೇಲಿನ ಮಾತು. ವಾಲಿರುವ ಕಂಬಗಳಲ್ಲಿ ಒಂದನ್ನು ಆರಿಸಿ, ಅದರ ಬುಡ ಅಗೆದು ನೋಡಿ. ಕಾರಣ ಗೊತ್ತಾಗದೆ ಸಾಮಾನು ಬದಲಾಯಿಸಿದರೆ ಹೊಸ ಬೇಲಿಯೂ ಹೀಗೇ ಮಲಗುತ್ತದೆ.

ನಮ್ಮ ಹಿತ್ತಿಲ ಬೇಲಿ ವಾಲಿದಾಗ ನಾನೂ ಹಾಗೇ ಅಗೆದು ನೋಡಿದ್ದೆ. ಕಂಬದ ಮೇಲಿನ ಭಾಗ ಬಡಿದರೆ ಟಕ್ ಟಕ್ ಅಂತ ಗಟ್ಟಿ ಸದ್ದು. ಗುಂಡಿಯ ತಳದಲ್ಲಿದ್ದ ತುದಿಯೂ ಹೆಚ್ಚುಕಡಿಮೆ ಗಟ್ಟಿಯಾಗೇ ಇತ್ತು. ಕೆಟ್ಟಿದ್ದು ಎರಡರ ನಡುವೆ, ಮಣ್ಣಿನ ಮಟ್ಟದಲ್ಲಿ, ಒಂದು ಗೇಣಿನಷ್ಟು ಜಾಗ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಇಳಿದುಹೋಯಿತು. ಹೊರಗೆ ಎಳೆದಾಗ ಅದಕ್ಕೆ ಕಂದು ಬಣ್ಣದ ಒದ್ದೆ ಪುಡಿ ಮೆತ್ತಿಕೊಂಡಿತ್ತು.

ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಆಳದಲ್ಲಿ ತೇವ ಇದ್ದರೂ ಗಾಳಿ ಕಡಿಮೆ. ಮೇಲೆ ಗಾಳಿ ಇದೆ, ಆದರೆ ಮರ ಬೇಗ ಒಣಗಿಬಿಡುತ್ತದೆ. ನೆಲಮಟ್ಟದಲ್ಲಿ ಎರಡೂ ಬೇಕಾದಷ್ಟು. ಜೊತೆಗೆ ಗಾಳಿ ಬೀಸಿದಾಗ ಕಂಬ ಬಾಗಲು ನೋಡುವುದೂ ಅಲ್ಲೇ. ಅಂದರೆ ಜಾಸ್ತಿ ಬಲ ಬೇಕಾದ ಕಡೆಯೇ ಮರ ಮೊದಲು ಸೋಲುತ್ತದೆ.

ನಿಮ್ಮ ಕಂಬ ಅಲ್ಲಿ ಮೆತ್ತಗಿದ್ದರೆ ತೊಂದರೆ ನೀರಿನದು. ಮರ ಗಟ್ಟಿಯಾಗಿದ್ದು, ಬುಡದ ಮಣ್ಣನ್ನೂ ಎಬ್ಬಿಸಿಕೊಂಡು ಇಡೀ ಕಂಬವೇ ವಾಲಿದ್ದರೆ ಗುಂಡಿ ಆಳ ಸಾಲದು.

ಆಳದ ಲೆಕ್ಕ ಸುಲಭ. ಕಂಬದ ಒಟ್ಟು ಉದ್ದದಲ್ಲಿ ಮೂರರಲ್ಲೊಂದು ಭಾಗ ನೆಲದೊಳಗೆ ಇರಲಿ. ಮೇಲೆ 6 ಅಡಿ ಬೇಕಾದರೆ 9 ಅಡಿಯ ಕಂಬ ತನ್ನಿ. 7 ಅಡಿಯದು ತಂದು ಒಂದಡಿ ಹೂತು ಮುಗಿಸುವವರು ಎಷ್ಟೋ ಜನ. ಅಂಥ ಬೇಲಿ ಮೊದಲ ದೊಡ್ಡ ಗಾಳಿಗೇ ಹೋಗುತ್ತದೆ. ಮರಳು ಮಣ್ಣಾದರೆ ಇನ್ನೂ ಸ್ವಲ್ಪ ಆಳಕ್ಕೆ ಹೋಗಿ. ಚಳಿಗೆ ನೆಲ ಹೆಪ್ಪುಗಟ್ಟುವ ಕಡೆ ಮಣ್ಣು ಉಬ್ಬಿ ಕಂಬವನ್ನು ಮೇಲಕ್ಕೆ ಎತ್ತುತ್ತದೆ. ಅಲ್ಲಿ ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗೆ ಹೋಗಲೇಬೇಕು.

ಗುಂಡಿಯ ಅಗಲ ಕಂಬದ ದಪ್ಪದ ಮೂರು ಪಟ್ಟು ಇದ್ದರೆ ಚೆನ್ನ. 4 ಇಂಚಿನ ಕಂಬಕ್ಕೆ 12 ಇಂಚಿನ ಗುಂಡಿ. ತಳಕ್ಕೆ 4ರಿಂದ 6 ಇಂಚು ಜಲ್ಲಿ ಹಾಕಿ ಚೆನ್ನಾಗಿ ದಮ್ಮಸ್ಸು ಮಾಡಿ, ಅದರ ಮೇಲೆ ಕಂಬ ನಿಲ್ಲಿಸಿ, ಆಮೇಲೆ ಸುತ್ತ ಕಾಂಕ್ರೀಟ್ ತುಂಬಿ. ತಳಕ್ಕೂ ಕಾಂಕ್ರೀಟ್ ಸುರಿದರೆ ಅದು ಬಟ್ಟಲಿನ ಹಾಗಾಗುತ್ತದೆ. ಮರ ಒಣಗಿ ಕುಗ್ಗಿದಾಗ ಸುತ್ತ ಸಣ್ಣ ಸಂದಿ ಬಿಡುತ್ತದೆ. ಮಳೆನೀರು ಆ ಸಂದಿಯಲ್ಲಿ ಇಳಿದು ಬಟ್ಟಲಲ್ಲೇ ನಿಂತುಬಿಡುತ್ತದೆ. ನಮ್ಮ ಕಂಬಕ್ಕೂ ಆಗಿದ್ದು ಇದೇ. ಕಾಂಕ್ರೀಟಿನ ಮೇಲ್ಮೈ ಮಣ್ಣಿಗಿಂತ ಒಂದಿಂಚು ಮೇಲಿರಲಿ, ಕಂಬದಿಂದ ಹೊರಕ್ಕೆ ಇಳಿಜಾರಾಗಿರಲಿ. ಕರಣೆಯಲ್ಲಿ ಎರಡು ನಿಮಿಷದ ಕೆಲಸ ಅಷ್ಟೇ, ಆದರೆ ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಹಲಗೆಗಳ ಕೆಳತುದಿಯೂ ಮಣ್ಣಿಗೆ ತಾಗದೆ ಎರಡಿಂಚು ಮೇಲಿರಲಿ.

ಈಗ ಮರವೋ ತಂತಿಯೋ ನೋಡೋಣ. ಬೇಲಿ ಯಾತಕ್ಕೆ ಬೇಕು ಅಂತ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ. ನಾಯಿ ಹೊರಗೆ ಓಡಬಾರದು, ದನ ಒಳಗೆ ಬರಬಾರದು ಅಂತಿದ್ದರೆ ತಂತಿ ಬಲೆ ಸಾಕು. ಗಾಳಿ ಅದರೊಳಗೆ ಹಾದುಹೋಗುತ್ತದೆ, ಹಾಗಾಗಿ ಕಂಬಗಳ ಮೇಲೆ ಗಾಳಿಯ ಭಾರ ಅಷ್ಟಾಗಿ ಬೀಳುವುದಿಲ್ಲ. ಸತು ಲೇಪಿಸಿದ ಜಿಐ ತಂತಿಯನ್ನೇ ಕೇಳಿ ತನ್ನಿ. ಕಬ್ಬಿಣಕ್ಕಿಂತ ಮೊದಲು ಸತು ಸವೆಯುವುದರಿಂದ ಸಣ್ಣ ಗೀರು ಬಿದ್ದರೂ ತುಕ್ಕು ಬೇಗ ಹಿಡಿಯುವುದಿಲ್ಲ. ವೆಲ್ಡಿಂಗ್ ಮಾಡಿದ ಕಡೆ ಮಾತ್ರ ಆ ಲೇಪ ಸುಟ್ಟುಹೋಗಿರುತ್ತದೆ. ಅಲ್ಲಿಗೆ ಸತುವಿನ ಪೇಂಟ್ ಹಚ್ಚಿ.

ಹೊರಗಿನವರಿಗೆ ಮನೆಯಂಗಳ ಕಾಣಬಾರದು ಅಂತಿದ್ದರೆ ಬಲೆ ಆಗುವುದಿಲ್ಲ, ಹಲಗೆಯೇ ಬೇಕು. ಆದರೆ ಸಂದಿಯಿಲ್ಲದ ಹಲಗೆ ಬೇಲಿ ಹಾಯಿ ಕಟ್ಟಿದ ಹಾಗೆ, ಬೀಸುವ ಗಾಳಿಯನ್ನೆಲ್ಲ ಎದೆಗೊಡ್ಡಿ ನಿಲ್ಲುತ್ತದೆ. 3 ಅಡಿಯ ಬೇಲಿಯನ್ನು 6 ಅಡಿ ಮಾಡಿದರೆ ಗಾಳಿ ತಾಗುವ ಜಾಗ ಎರಡು ಪಟ್ಟು, ಸನ್ನೆಯ ಉದ್ದವೂ, ಅಂದರೆ ಬುಡದಿಂದ ಗಾಳಿ ಒತ್ತುವ ಜಾಗದ ಎತ್ತರವೂ, ಎರಡು ಪಟ್ಟು. ಬುಡದ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ! ಅದಕ್ಕೇ ಹಲಗೆಗಳ ನಡುವೆ ಒಂದು ಬೆರಳಿನಷ್ಟು ಸಂದಿ ಬಿಡಿ ಅನ್ನುತ್ತೇನೆ. ಇಲ್ಲವೇ ಒಂದು ಹಲಗೆ ಅಡ್ಡಪಟ್ಟಿಯ ಮುಂದೆ, ಇನ್ನೊಂದು ಹಿಂದೆ ಹೊಡೆಯಿರಿ. ಮರೆಯೂ ಆಗುತ್ತದೆ, ಗಾಳಿಗೂ ದಾರಿ ಸಿಗುತ್ತದೆ. ಕಂಬದಿಂದ ಕಂಬಕ್ಕೆ 8 ಅಡಿ ಮೀರಬೇಡಿ. ಗಾಳಿ ಜಾಸ್ತಿ ಇರುವ ಕಡೆ 6 ಅಡಿಯೇ ವಾಸಿ.

ಎರಡು ಮೂರು ವರ್ಷ ಕಾಯುವ ತಾಳ್ಮೆ ಇದ್ದರೆ ಗಿಡದ ಬೇಲಿಯೂ ಒಳ್ಳೆಯದು. ನನಗಂತೂ ಅದರಷ್ಟು ಚೆಂದ ಯಾವುದೂ ಕಾಣುವುದಿಲ್ಲ. ಆದರೆ ಸವರುವ ಕೆಲಸ ಪ್ರತಿ ವರ್ಷವೂ ಇರುತ್ತದೆ.

ಬಲೆಯೋ ಹಲಗೆಯೋ, ಮೂಲೆ ಕಂಬ ಮತ್ತು ಗೇಟಿನ ಕಂಬಗಳಿಗೆ ಕಂಜೂಸು ಮಾಡಬೇಡಿ. ಉಳಿದವು ನಿಂತರೆ ಸಾಕು, ಇವು ಎಳೆತ ತಡೆಯಬೇಕು. ಬಿಗಿದ ತಂತಿ ಮೂಲೆ ಕಂಬವನ್ನು ಹಗಲೂ ರಾತ್ರಿ ಎಳೆಯುತ್ತಲೇ ಇರುತ್ತದೆ. ಇವು ದಪ್ಪಗಿರಲಿ, ಅರ್ಧ ಅಡಿ ಜಾಸ್ತಿ ಆಳಕ್ಕೆ ಹೋಗಲಿ. ತಂತಿ ಬೇಲಿಯಾದರೆ ಮೂಲೆಗೆ ಓರೆಯಾಗಿ ಒಂದು ಆಸರೆ ಕೊಡಿ.

ನಿಮ್ಮ ಗೇಟು ಉಜ್ಜುತ್ತಿದೆ ಅಂದಿರಲ್ವಾ, ಅದರ ಓರೆಪಟ್ಟಿ ಯಾವ ಕಡೆಗಿದೆ ನೋಡಿ. ಮರದ ಪಟ್ಟಿಯಾದರೆ ಅದು ಹಿಂಜ್ ಇರುವ ಬದಿಯ ಕೆಳಮೂಲೆಯಿಂದ ಹೊರಟು ಚಿಲಕದ ಬದಿಯ ಮೇಲ್ಮೂಲೆಗೆ ಹೋಗಬೇಕು. ಆಗ ಗೇಟಿನ ಭಾರವನ್ನು ಅದು ಊರಿ ಹೊರುತ್ತದೆ. ತಂತಿ ಬಿಗಿಯುವುದಾದರೆ ಸರಿಯಾಗಿ ಇದರ ಉಲ್ಟಾ, ಯಾಕಂದರೆ ತಂತಿಗೆ ಎಳೆಯಲು ಬರುತ್ತದೆ, ಊರಲು ಬರುವುದಿಲ್ಲ.

ಅಗೆಯುವ ಮುಂಚೆ ನಿಮ್ಮ ಗಡಿ ಎಲ್ಲಿದೆ ಅಂತ ದಾಖಲೆ ನೋಡಿ ಖಚಿತ ಮಾಡಿಕೊಳ್ಳಿ. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ. ನೀರಿನ ಪೈಪು, ಕರೆಂಟ್ ಕೇಬಲ್ ಎಲ್ಲಿ ಹಾದಿವೆ, ಎಷ್ಟು ಎತ್ತರಕ್ಕೆ ಅನುಮತಿ ಇದೆ ಅನ್ನೋದನ್ನೂ ಸಂಬಂಧಪಟ್ಟ ಕಚೇರಿಯಲ್ಲಿ ಕೇಳಿಕೊಳ್ಳಿ.

ಬುಡ ಅಗೆದು ನೋಡಿದ ಮೇಲೆ ಹಲಗೆಗಳನ್ನೂ ಒಂದೊಂದಾಗಿ ಬಡಿದು ನೋಡಿ. ಗಟ್ಟಿ ಸದ್ದು ಬಂದವನ್ನು ಸುಮ್ನೆ ಬಿಸಾಡಬೇಡಿ. ಹಿಂಬದಿಗೆ ನಂಬರ್ ಬರೆದು ಬಿಚ್ಚಿಡಿ. ಹೊಸ ಕಂಬ ನೆಟ್ಟು, ಕಾಂಕ್ರೀಟಿಗೆ ನೀರುಣಿಸುತ್ತಾ ಒಂದು ವಾರ ಬಿಡಿ. ಆಮೇಲೆ ಅದೇ ಹಲಗೆಗಳನ್ನು ಅದೇ ಕ್ರಮದಲ್ಲಿ ಹೊಡೆದರಾಯಿತು, ಗೇಟು ಕೊನೆಗೆ.